ತೋಟದ ಏರು, ಸ್ಕೂಲು, ಮೈಸೂರು ಆಸ್ಪತ್ರೆ ಎಲ್ಲಕ್ಕೂ ಒಂದೇ ಗಾಡಿ ಬೇಕು, ಯಾವ ಕಾಂಪ್ಯಾಕ್ಟ್ ಎಸ್‌ಯುವಿ ತಗೊಳ್ಳೋದು?

ಅಮ್ಮತ್ತಿ ಕಾಫಿ
ಎಲ್ಲರಿಗೂ ನಮಸ್ಕಾರ. ನಮ್ಮ ಹಳೇ ಹ್ಯಾಚ್‌ಬ್ಯಾಕ್ ಕೊಟ್ಟು ಹೊಸ ಕಾಂಪ್ಯಾಕ್ಟ್ ಎಸ್‌ಯುವಿ ತಗೊಳ್ಳೋಣ ಅಂತ ಮನೇಲಿ ತೀರ್ಮಾನ ಆಗಿದೆ, ಯಾವುದು ಅನ್ನೋದೇ ಬಗೆಹರೀತಿಲ್ಲ. ಮನೆ ಕೊಡಗಲ್ಲಿ, ಅಮ್ಮತ್ತಿಯಿಂದ ಸಿದ್ದಾಪುರದ ಕಡೆ. ಟಾರ್ ರೋಡಿಂದ ಒಳಗೆ ಒಂದೂವರೆ ಕಿಲೋಮೀಟರ್ ತೋಟದ ದಾರಿ, ನಡುವೆ ಒಂದು ಕಡೆ ಜೋರು ಏರು, ಆ ಏರಲ್ಲೇ ಒಂದು ತಿರುವು. ಮಳೆಗಾಲದಲ್ಲಿ ಚಕ್ರದ ಜಾಡು ಎರಡೂ ಆಳ ಆಗಿ ಮಧ್ಯ ಹುಲ್ಲಿನ ದಿಣ್ಣೆ ನಿಲ್ಲುತ್ತೆ, ಈಗಿರೋ ಗಾಡಿಯ ಹೊಟ್ಟೆ ಅದಕ್ಕೆ ಉಜ್ಜಿಕೊಂಡೇ ಹೋಗುತ್ತೆ.

ದಿನಾ ಓಡಿಸೋದು ನನ್ನ ಹೆಂಡತಿ, ವಿರಾಜಪೇಟೆಯಲ್ಲಿ ಟೀಚರ್. ಮಕ್ಕಳಿಬ್ಬರೂ ಅದೇ ಗಾಡೀಲಿ ಸ್ಕೂಲಿಗೆ ಹೋಗ್ತಾರೆ. ಅಮ್ಮನಿಗೆ ಮಂಡಿನೋವು, ಚೆಕಪ್‌ಗೆ ಆಗಾಗ ಮೈಸೂರಿಗೆ ಹೋಗಬೇಕು, ಗೋಣಿಕೊಪ್ಪ ತಿತಿಮತಿ ಹುಣಸೂರು ಮೇಲೆ. ವರ್ಷಕ್ಕೊಂದೆರಡು ಸಲ ಕಣ್ಣೂರು ಏರ್‌ಪೋರ್ಟಿಗೆ ಮಾಕುಟ್ಟ ಘಾಟಿ ಇಳೀಬೇಕು. ತೋಟದ ಕೆಲಸಕ್ಕೆ ಬೇರೆ ಪಿಕಪ್ ಇದೆ, ಗೊಬ್ಬರ ಕಾಫಿ ಮೂಟೆ ಯಾವುದೂ ಇದರಲ್ಲಿ ಹಾಕಲ್ಲ. ಆನ್‌ರೋಡ್ 14 ಲಕ್ಷದ ಒಳಗೆ ಮುಗೀಬೇಕು. ಲಿಸ್ಟಲ್ಲಿರೋದು ಮಾರುತಿ ಬ್ರೆಝಾ, ಟಾಟಾ ನೆಕ್ಸಾನ್, ಮಹೀಂದ್ರಾ 3ಎಕ್ಸ್‌ಒ, ಕಿಯಾ ಸಾನೆಟ್, ಸ್ಕೋಡಾ ಕೈಲಾಕ್. ಪೆಟ್ರೋಲಾ ಡೀಸೆಲ್ಲಾ? ಗೇರಾ ಆಟೋಮ್ಯಾಟಿಕ್ಕಾ? ಇಲ್ಲಿನ ರಸ್ತೇಲಿ ಓಡಿಸೋರು ಹೇಳಿ ದಯವಿಟ್ಟು, ಬೆಂಗಳೂರಿನ ರಿವ್ಯೂ ನೋಡಿ ನೋಡಿ ತಲೆ ಕೆಟ್ಟಿದೆ.

ವೀಕೆಂಡ್ ಸೋಮವಾರಪೇಟೆ
ತೋಟದ ದಾರಿ ಅಂದಮೇಲೆ ಜಿಮ್ನಿ ಬಿಟ್ಟು ಬೇರೆ ಯಾಕೆ ಯೋಚಿಸ್ತೀರಾ? ಫೋರ್ ವೀಲ್ ಡ್ರೈವ್, ಲೋ ಗೇರ್, ಗ್ರೌಂಡ್ ಕ್ಲಿಯರೆನ್ಸ್ 210 ಎಂಎಂ. ಮುಗೀತು.

ಪೆಪ್ಪರ್ ಬಳ್ಳಿ
@ವೀಕೆಂಡ್ ಸೋಮವಾರಪೇಟೆ ಅವರ ಮನೇಲಿ ಐದು ಜನ ಅಣ್ಣ. ಜಿಮ್ನಿ ನಾಲ್ಕೇ ಸೀಟು, ಹಿಂದಿನ ಸೀಟು ಮಡಚದೇ ಇದ್ರೆ ಡಿಕ್ಕಿ 208 ಲೀಟರ್. ಅಜ್ಜೀನ ಯಾರ ತೊಡೆ ಮೇಲೆ ಕೂರಿಸ್ತೀರಾ? ಒಂದೂವರೆ ಕಿಲೋಮೀಟರ್ ತೋಟದ ದಾರಿಗೋಸ್ಕರ ಮಿಕ್ಕ ನೂರು ಕಿಲೋಮೀಟರ್ ಕುಲುಕಾಡಿಕೊಂಡು ಹೋಗೋದು ಬೇಡ.

ವೀಕೆಂಡ್ ಸೋಮವಾರಪೇಟೆ
ಐದು ಜನ ಅನ್ನೋದು ನೋಡಿರಲಿಲ್ಲ, ಒಪ್ಪಿದೆ. ಆದ್ರೆ ಫ್ರಂಟ್ ವೀಲ್ ಡ್ರೈವ್ ಗಾಡಿ ಆ ಕೆಸರು ಏರು ಹತ್ತುತ್ತಾ?

ಘಾಟಿ ಸಂಪಾಜೆ
ಎಂತಕ್ಕೆ ಹತ್ತುದಿಲ್ಲ ಮಾರಾಯ್ರೆ, ಟೈರ್ ಸರಿ ಇದ್ರೆ ಹತ್ತುತ್ತದೆ. ನಮ್ಮಲ್ಲಿ ಎಷ್ಟೋ ಮನೆಗೆ ಹಳೇ ಆಲ್ಟೋ ಹತ್ತಿ ಹೋಗುದುಂಟು. ಏರಿನ ಜಾಗದಲ್ಲಿ ಚಕ್ರ ಓಡುವಷ್ಟು ಅಗಲ ಎರಡು ಸಾಲು ಕಾಂಕ್ರೀಟ್ ಹಾಕಿಸಿ, ಫೋರ್ ವೀಲ್ ಡ್ರೈವಿಗೆ ಕೊಡುವ ದುಡ್ಡಲ್ಲಿ ಅದು ಆಗಿ ಹೋಗ್ತದೆ. ಪಿಕಪ್ಪಿಗೂ ಆಯ್ತು, ನಡೆಯುವವರಿಗೂ ಆಯ್ತು.

ಗಾಡಿ ವಿಷಯಕ್ಕೆ ಬಂದ್ರೆ ನಾನು ಡೀಸೆಲ್ ಅಂತಲೇ ಹೇಳುದು. ಸಂಪಾಜೆ ಘಾಟಿ ಐದು ಜನ ಕೂತು ಏಸಿ ಹಾಕಿ ಹತ್ತುವಾಗ ಗೊತ್ತಾಗ್ತದೆ. ಟಾರ್ಕ್ ಅಂದ್ರೆ ಇಂಜಿನ್ ಎಳೆಯುವ ಶಕ್ತಿ, 3ಎಕ್ಸ್‌ಒ ಡೀಸೆಲ್ 300 ಎನ್‌ಎಂ, ನೆಕ್ಸಾನ್ ಡೀಸೆಲ್ 260, ಸಾನೆಟ್ 250. ಅದೂ 1500 ಆರ್‌ಪಿಎಂಗೇ ಸಿಗ್ತದೆ. ಬ್ರೆಝಾ ಪೆಟ್ರೋಲ್ 137, ಅದೂ 4400 ಆರ್‌ಪಿಎಂ ತನಕ ಕಿರುಚಿಸಿದ ಮೇಲೆ. ನಮ್ಮ ಎತ್ತರಕ್ಕೆ ಟರ್ಬೊ ಇಲ್ಲದ ಇಂಜಿನ್ ಇನ್ನೂ ಸ್ವಲ್ಪ ಸೋಲ್ತದೆ, ಮಡಿಕೇರಿ ಹತ್ತಿರ ಹತ್ತಿರ 1150 ಮೀಟರ್ ಮೇಲುಂಟು, ಗಾಳಿ ತೆಳು, ನೂರಕ್ಕೆ ಹತ್ತರಷ್ಟು ಪವರ್ ಅಲ್ಲಿಗೇ ಹೋಯ್ತು. ಟರ್ಬೊ ಇದ್ರೆ ಅದು ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬ್ತದೆ, ಆ ತೊಂದರೆ ಅಷ್ಟಿಲ್ಲ.

ಗೋಣಿಕೊಪ್ಪ ಗ್ಯಾರೇಜ್
ಟಾರ್ಕ್ ಲೆಕ್ಕ ಸರಿ ಅಣ್ಣ, ಆದ್ರೆ ಈ ಮನೆಗೆ ಡೀಸೆಲ್ ಬೇಡ. ಕಾರಣ ಹೇಳ್ತೀನಿ.

ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಮೇಲೆ ಎಲ್ಲ ಡೀಸೆಲ್ ಕಾರಿಗೂ ಸೈಲೆನ್ಸರ್ ಲೈನಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ, ಹೊಗೆಯ ಮಸಿ ಹಿಡಿದಿಟ್ಟುಕೊಳ್ಳೋದು. ಆ ಮಸಿ ಒಳಗೇ ಸುಟ್ಟು ಹೋಗಬೇಕು ಅಂದ್ರೆ ಗಾಡಿ ಚೆನ್ನಾಗಿ ಬಿಸಿಯಾಗಿ ಒಂದೇ ಸಮ ಇಪ್ಪತ್ತು ನಿಮಿಷನಾದ್ರೂ ಒಳ್ಳೆ ಸ್ಪೀಡಲ್ಲಿ ಓಡಬೇಕು. ಇವರ ಮೇಡಂ ದಿನಾ ಹೋಗೋದು ಎಷ್ಟು, ವಿರಾಜಪೇಟೆಗೆ ಹದಿನೈದು ಕಿಲೋಮೀಟರ್ ಇದ್ರೆ ಹೆಚ್ಚು, ಅದೂ ತಿರುವು, ಸೆಕೆಂಡು ಥರ್ಡು. ಕಕ್ಕಡ ತಿಂಗಳ ಮಳೆ ಚಳಿಗೆ ಇಂಜಿನ್ ಬಿಸಿ ಆಗೋಷ್ಟರಲ್ಲಿ ಸ್ಕೂಲ್ ಬಂದಿರುತ್ತೆ. ಹೀಗೇ ತಿಂಗಳುಗಟ್ಟಲೆ ಓಡಿದ್ರೆ ಡ್ಯಾಶ್‌ಬೋರ್ಡಲ್ಲಿ ಲೈಟ್ ಬರುತ್ತೆ, ಅದನ್ನ ನೋಡಿಯೂ ಬಿಟ್ರೆ ಗಾಡಿ ಪವರ್ ಕಮ್ಮಿ ಮಾಡಿಕೊಳ್ಳುತ್ತೆ, ಆಮೇಲೆ ಶೋರೂಮಿಗೆ ತಗೊಂಡು ಹೋಗಿ ಕಂಪ್ಯೂಟರ್ ಹಾಕಿ ಸುಡಿಸಬೇಕು, ಅದಕ್ಕೂ ಬಗ್ಗದಿದ್ರೆ ಫಿಲ್ಟರೇ ಬದಲಾಯಿಸಬೇಕು, ಅದು ಸಣ್ಣ ಖರ್ಚಲ್ಲ. ಇಂಥ ಗಾಡಿ ನಮ್ಮಲ್ಲಿಗೆ ಬರ್ತಾನೇ ಇರ್ತಾವೆ, ಎಲ್ಲ ಕಂಪನೀದೂ.

ವಾರವಾರ ಮೈಸೂರು ಬೆಂಗಳೂರು ಓಡೋರಿಗೆ ಡೀಸೆಲ್ ಬಂಗಾರ. ಇವರಿಗಲ್ಲ.

ಘಾಟಿ ಸಂಪಾಜೆ
ನನ್ನ ಭಾವನ ಹತ್ರ ಬಿಎಸ್6 ಡೀಸೆಲ್ ಉಂಟು, ಇಲ್ಲಿವರೆಗೆ ಲೈಟ್ ಬರ್ಲಿಲ್ಲ.

ಗೋಣಿಕೊಪ್ಪ ಗ್ಯಾರೇಜ್
ಭಾವ ಎಲ್ಲಿಗೆಲ್ಲ ಓಡಿಸ್ತಾರೆ?

ಘಾಟಿ ಸಂಪಾಜೆ
ಸುಳ್ಯ, ಪುತ್ತೂರು, ಮಂಗಳೂರು. ವ್ಯಾಪಾರ ಅಲ್ವಾ.

ಗೋಣಿಕೊಪ್ಪ ಗ್ಯಾರೇಜ್
ಅಷ್ಟೇ ಅಣ್ಣ. ಬಂಟ್ವಾಳದ ಕಡೆ ಅಷ್ಟು ಉದ್ದ ಓಡಿದ್ರೆ ತಾನೇ ಕ್ಲೀನ್ ಆಗ್ತಾ ಇರುತ್ತೆ.

ತೆರಿಗೆ ಲೆಕ್ಕ ಕುಶಾಲನಗರ
14 ಲಕ್ಷ ಅಂದಿದ್ದೀರಲ್ಲ, ಅದರಲ್ಲಿ ಗಾಡಿಗೆ ಎಷ್ಟು ಸರ್ಕಾರಕ್ಕೆ ಎಷ್ಟು ಅಂತ ಮೊದಲು ನೋಡಿಕೊಳ್ಳಿ, ವೇರಿಯಂಟ್ ಆರಿಸೋಕೆ ಅದು ಬಹಳ ಮುಖ್ಯ.

ಕರ್ನಾಟಕದಲ್ಲಿ ಪೆಟ್ರೋಲ್ ಡೀಸೆಲ್ ಕಾರಿನ ಲೈಫ್‌ಟೈಮ್ ಟ್ಯಾಕ್ಸು 5ರಿಂದ 10 ಲಕ್ಷದ ಗಾಡಿಗೆ 14%, 10 ಲಕ್ಷ ದಾಟಿದ್ರೆ 17%. ಆ ಟ್ಯಾಕ್ಸಿನ ಮೇಲೆ ಮತ್ತೆ 11% ಸೆಸ್. ಅಂದ್ರೆ ನಿಜವಾಗಿ ಕಟ್ಟೋದು 15.54% ಇಲ್ಲಾ 18.87%. ಎಕ್ಸ್ ಶೋರೂಮ್ 9.90 ಲಕ್ಷದ ಗಾಡಿಗೂ 10.10 ಲಕ್ಷದ ಗಾಡಿಗೂ ಬೆಲೆ ವ್ಯತ್ಯಾಸ 20 ಸಾವಿರ, ರೋಡ್ ಟ್ಯಾಕ್ಸ್ ವ್ಯತ್ಯಾಸ 36 ಸಾವಿರದ ಮೇಲೆ! ಅದರ ಮೇಲೆ 10 ಲಕ್ಷ ದಾಟಿದ್ದಕ್ಕೆ 1% ಟಿಸಿಎಸ್ ಬೇರೆ, ಅಂದ್ರೆ ಮಾರೋರೇ ಮುಂಚೆ ಹಿಡಿದು ಕಟ್ಟೋ ಆದಾಯ ತೆರಿಗೆ, ಅದು ರಿಟರ್ನ್ ಹಾಕಿದ್ರೆ ವಾಪಸ್ ಬರುತ್ತೆ, ತೋಟದ ಆದಾಯಕ್ಕೆ ಟ್ಯಾಕ್ಸ್ ಇಲ್ಲ ಅಂತ ರಿಟರ್ನ್ ಹಾಕದೇ ಇರೋರು ಆ ದುಡ್ಡು ಬಿಟ್ಟುಬಿಡ್ತಾರೆ, ಬಿಡಬೇಡಿ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯ್ತಲ್ಲ, 4 ಮೀಟರ್ ಒಳಗಿದ್ದು ಪೆಟ್ರೋಲ್ 1200 ಸಿಸಿ ಒಳಗೆ, ಡೀಸೆಲ್ 1500 ಸಿಸಿ ಒಳಗೆ ಇದ್ರೆ 18%, ಇಲ್ಲಾಂದ್ರೆ 40%. ನಿಮ್ಮ ಲಿಸ್ಟಲ್ಲಿರೋ ಐದೂ 4 ಮೀಟರ್ ಒಳಗೇ ಇವೆ. ಆದ್ರೆ ಬ್ರೆಝಾ ಪೆಟ್ರೋಲ್ ಇಂಜಿನ್ 1462 ಸಿಸಿ, ಅದಕ್ಕೇ 40ರಲ್ಲಿ ಬರುತ್ತೆ. ಬೇರೆಯವುಗಳ ಬೆಲೆ ಜಾಸ್ತಿ ಇಳಿದು ಬ್ರೆಝಾ ಕಮ್ಮಿ ಇಳಿದಿದ್ದು ಇದೇ ಕಾರಣಕ್ಕೆ.

ಅಮ್ಮತ್ತಿ ಕಾಫಿ
@ತೆರಿಗೆ ಲೆಕ್ಕ ಕುಶಾಲನಗರ ಬಹಳ ಉಪಕಾರ ಆಯ್ತು ಸರ್, ಶೋರೂಮಲ್ಲಿ ಯಾರೂ ಇಷ್ಟು ಬಿಡಿಸಿ ಹೇಳಲಿಲ್ಲ. @ಗೋಣಿಕೊಪ್ಪ ಗ್ಯಾರೇಜ್ ಡೀಸೆಲ್ ಕೈಬಿಟ್ಟೆ ಅಣ್ಣ. ಈಗ ಗ್ರೌಂಡ್ ಕ್ಲಿಯರೆನ್ಸ್ ಹೇಳಿ. ನೆಕ್ಸಾನ್ 208, ಸಾನೆಟ್ 205, 3ಎಕ್ಸ್‌ಒ 201, ಬ್ರೆಝಾ 198, ಕೈಲಾಕ್ 189 ಅಂತ ನೋಡಿದೆ. ಹಾಗಾದ್ರೆ ನೆಕ್ಸಾನೇ ಅಲ್ವಾ?

ಮಂಜಿನೂರು ಮಡಿಕೇರಿ
ಆ ನಂಬರ್ ಮೇಲೆ ಅಷ್ಟು ನಂಬಿಕೆ ಇಡಬೇಡಿ. ಕೆಲವು ಕಂಪನಿ ಖಾಲಿ ಗಾಡೀಲಿ ಅಳೆದು ಹೇಳ್ತಾರೆ, ಕೆಲವರು ಲೋಡ್ ಹಾಕಿ ಅಳೆದು ಹೇಳ್ತಾರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋ ಹಾಗಿಲ್ಲ. ನಿಮ್ಮ ದಿಣ್ಣೆಗೆ ತಾಗೋದು ಎರಡು ಚಕ್ರದ ನಡುವಿನ ಹೊಟ್ಟೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ದೂರ ಜಾಸ್ತಿ ಇದ್ದಷ್ಟೂ ಉಬ್ಬಿನ ನೆತ್ತಿ ದಾಟುವಾಗ ಹೊಟ್ಟೆ ತಾಗೋದು ಜಾಸ್ತಿ. ಬ್ರೆಝಾ, ನೆಕ್ಸಾನ್, ಸಾನೆಟ್ ಮೂರೂ 2500 ಎಂಎಂ ಹತ್ರ, ಕೈಲಾಕ್ 2566, 3ಎಕ್ಸ್‌ಒ 2600. ಉದ್ದ ಇದ್ರೆ ಹಿಂದೆ ಕೂತವರಿಗೆ ಕಾಲಿಗೆ ಜಾಗ ಸಿಗುತ್ತೆ, ಇಲ್ಲಿ ಸ್ವಲ್ಪ ಕಳ್ಕೊಳ್ತೀರಾ. ನಂಬರ್ ಬಿಡಿ, ಐದು ಜನ ಕೂತ್ಕೊಂಡು ನಿಮ್ಮ ದಾರೀಲೇ ಓಡಿಸಿ ನೋಡಿ.

ಮತ್ತೆ ಟಾಪ್ ಎಂಡಲ್ಲಿ 17 ಇಂಚಿನ ಅಲಾಯ್ ಬರೋ ಗಾಡಿ ಆದ್ರೆ ಅದು ಬೇಡ. 16 ಇಂಚಿನ ಟೈರಿಗೆ ಪಕ್ಕದ ಗೋಡೆ ದಪ್ಪ, ಕಲ್ಲು ತಡ್ಕೊಳ್ಳುತ್ತೆ. ಸ್ಟೀಲ್ ರಿಮ್ ಬಾಗಿದ್ರೆ ಬಡಿದು ಸರಿ ಮಾಡಿಸಬಹುದು, ಅಲಾಯ್ ಬಿರುಕು ಬಿಟ್ರೆ ಎಸೀಬೇಕು.

ರೋಬಸ್ಟಾ ರೈಟರ್
ಸನ್‌ರೂಫ್ ಇರೋದು ತಗೊಳ್ಳಲೇಬೇಡಿ. ತೋಟದ ಮನೇಲಿ ಗಾಡಿ ನಿಲ್ಲೋದು ಸಿಲ್ವರ್ ಓಕ್ ಕೆಳಗೆ. ಆ ಎಲೆ ಚೂರು ಸನ್‌ರೂಫ್ ಸುತ್ತ ಇರೋ ಚರಂಡಿಗೆ ಸೇರಿ, ನೀರು ಇಳಿಯೋ ಪೈಪ್ ಕಟ್ಕೊಳ್ಳುತ್ತೆ, ಮಳೆಗಾಲದಲ್ಲಿ ಆ ನೀರು ಕಂಬದ ಒಳಗಿಂದ ಮ್ಯಾಟಿಗೆ ಬಂದು ಬೂಷ್ಟು ಹಿಡಿಯುತ್ತೆ. ನಮ್ಮ ಧಣಿಗಳ ಗಾಡೀಲಿ ಆಗಿದೆ.

ವೀಕೆಂಡ್ ಸೋಮವಾರಪೇಟೆ
ಮಕ್ಕಳಿಗೆ ಸನ್‌ರೂಫ್ ಇಷ್ಟ ಆಗುತ್ತೆ ರೀ. ವರ್ಷಕ್ಕೆರಡು ಸಲ ಪೈಪ್ ಊದಿಸಿದ್ರೆ ಏನೂ ಆಗಲ್ಲ.

ಪೆಪ್ಪರ್ ಬಳ್ಳಿ
ಮಕ್ಕಳು ಓಡೋ ಗಾಡೀಲಿ ತಲೆ ಹೊರಗೆ ಹಾಕಿ ನಿಲ್ಲೋದು ಅಪಾಯ. ನಮ್ಮ ಕಡೆ ಕೊಂಬೆ ಎಲ್ಲ ರಸ್ತೆಗೆ ಬಾಗಿರುತ್ತೆ.

ನಾಪೋಕ್ಲು ಟೀಚರ್
ಇಷ್ಟೆಲ್ಲ ಓದಿದೆ. ಟಾರ್ಕು, ಸಿಸಿ, ಟ್ಯಾಕ್ಸು ಎಲ್ಲ ಬಂತು. ದಿನಾ ಓಡಿಸೋದು ಹೆಂಡತಿ ಅಂತ ಅಣ್ಣ ಮೊದಲನೇ ಪೋಸ್ಟಲ್ಲೇ ಬರೆದಿದ್ದಾರೆ, ಅವರು ಏನು ಹೇಳ್ತಾರೆ ಅಂತ ಒಬ್ಬರೂ ಕೇಳಲಿಲ್ಲವಲ್ಲ?

ನಾನೂ ಸ್ಕೂಲಿಗೆ ಗಾಡೀಲೇ ಹೋಗೋದು, ನನಗೆ ಮುಖ್ಯ ಆಗಿದ್ದು ಹೇಳ್ತೀನಿ. ಡ್ರೈವರ್ ಸೀಟ್ ಮೇಲೆತ್ತೋ ವ್ಯವಸ್ಥೆ ಬೇಕೇ ಬೇಕು, ಕೆಳಗಿನ ವೇರಿಯಂಟಲ್ಲಿ ಕೆಲವಕ್ಕೆ ಇರಲ್ಲ. ಬಾನೆಟ್ಟಿನ ಎರಡು ತುದಿ ಕಾಣಬೇಕು, ಇಲ್ಲಾಂದ್ರೆ ಕಿರಿದಾದ ದಾರೀಲಿ ಬಸ್ ಬಂದಾಗ ಎಡಗಡೆ ಚರಂಡಿ ಎಷ್ಟು ಹತ್ರ ಇದೆ ಅಂತ ಅಂದಾಜು ಸಿಗಲ್ಲ. ಗಾಜಿನ ಪಕ್ಕದ ಕಂಬ ದಪ್ಪ ಇದ್ರೆ ಬಲ ತಿರುವಲ್ಲಿ ಎದುರಿಂದ ಬರೋ ಬೈಕೇ ಮುಚ್ಚಿಹೋಗುತ್ತೆ, ಇದನ್ನ ಶೋರೂಮಿನ ಮುಂದಿನ ನೇರ ರೋಡಲ್ಲಿ ಓಡಿಸಿದ್ರೆ ಗೊತ್ತೇ ಆಗಲ್ಲ. ಕ್ಲಚ್ ಎಷ್ಟು ಗಟ್ಟಿ ಅಂತ ಕಾಲಿಟ್ಟು ನೋಡಬೇಕು. ಅಮ್ಮನ್ನೂ ಶೋರೂಮಿಗೆ ಕರ್ಕೊಂಡು ಹೋಗಿ, ಹಿಂದಿನ ಸೀಟಿಗೆ ಹತ್ತಿ ಇಳೀಲಿ. ಮಂಡಿನೋವಿನವರಿಗೆ ಸೀಟು ಸೊಂಟದ ಮಟ್ಟಕ್ಕಿದ್ರೆ ಕೂತ್ಕೊಳ್ಳೋದು ಸುಲಭ, ತೀರಾ ಎತ್ತರ ಆದ್ರೂ ಕಷ್ಟ, ಕೆಳಗಾದ್ರೂ ಕಷ್ಟ.

ಅಕ್ಕನ್ನ ಕೇಳಿ ಬರೀರಿ.

ಅಮ್ಮತ್ತಿ ಕಾಫಿ
ಅವಳ ಕೈಗೇ ಫೋನ್ ಕೊಡ್ತೀನಿ.

ಅಮ್ಮತ್ತಿ ಕಾಫಿ
ನಮಸ್ತೆ, ಈಗ ಬರೀತಿರೋದು ನಾನು, ಅವರ ಮನೆಯವಳು. ಕೇಳಿದ್ದಕ್ಕೆ ಥ್ಯಾಂಕ್ಸ್ ಟೀಚರ್.

ನನಗೆ ಕಷ್ಟ ಆಗೋದು ಒಂದೇ ಜಾಗ, ಆ ಏರಿನ ತಿರುವು. ಬೆಳಗ್ಗೆ ನಾನು ಹೊರಡೋ ಹೊತ್ತಿಗೇ ಪಕ್ಕದ ತೋಟಕ್ಕೆ ಕೆಲಸದವರನ್ನ ತುಂಬ್ಕೊಂಡು ಜೀಪ್ ಬರುತ್ತೆ. ತುಂಬಿದ ಜೀಪ್ ಹಿಂದೆ ಹೋಗೋಕೆ ಆಗಲ್ಲ, ಅದಕ್ಕೆ ನಾನೇ ಏರಲ್ಲಿ ರಿವರ್ಸ್ ಹತ್ತಬೇಕು. ಸಾಯಂಕಾಲ ಬರುವಾಗ ಅದೇ ತಿರುವಲ್ಲಿ ನಿಲ್ಲಿಸಿ ಮತ್ತೆ ಎತ್ತಬೇಕು, ಹಿಂದೆ ಮಕ್ಕಳು, ಕೆಳಗೆ ಕೆರೆ. ಹ್ಯಾಂಡ್‌ಬ್ರೇಕ್ ಹಿಡಿದು ಅರ್ಧ ಕ್ಲಚ್ ಬಿಟ್ಟು ಎತ್ತೋದು ನನಗೆ ಬರುತ್ತೆ, ಆದ್ರೆ ಜೂನ್ ಜುಲೈ ಮಳೇಲಿ ದಿನಾ ಅದೇ ಮಾಡಿ ಮಾಡಿ ಸಾಕಾಗಿದೆ. ವಿರಾಜಪೇಟೆ ಗಡಿಯಾರ ಕಂಬದ ಹತ್ರ ಸ್ಕೂಲ್ ಟೈಮಲ್ಲಿ ಜಾಮ್ ಆದ್ರೂ ಅದೇ ಕಥೆ. ನನಗೆ ಆಟೋಮ್ಯಾಟಿಕ್ ಬೇಕು. ಇವರು ಏರಲ್ಲಿ ಆಟೋಮ್ಯಾಟಿಕ್ ನಂಬೋಕಾಗಲ್ಲ ಅಂತಾರೆ. ನಿಜಾನಾ?

ಗೋಣಿಕೊಪ್ಪ ಗ್ಯಾರೇಜ್
ಅಕ್ಕ ಈಗ ಸರಿಯಾದ ಪ್ರಶ್ನೆ ಕೇಳಿದ್ರಿ, ಇದೇ ಮೊದಲು ಬಂದಿದ್ರೆ ಅರ್ಧ ಚರ್ಚೆ ಬೇಕಾಗಿರಲಿಲ್ಲ.

ಆಟೋಮ್ಯಾಟಿಕ್ ಅಂದ್ರೆ ಎಲ್ಲ ಒಂದೇ ಅಲ್ಲ. ಎಎಂಟಿ ಅಂದ್ರೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ನಿಮ್ಮ ಕಾಲಿನ ಬದಲು ಒಂದು ಮೋಟಾರ್ ಒತ್ತುತ್ತೆ. ರೇಟ್ ಕಮ್ಮಿ, ಮೈಲೇಜ್ ಒಳ್ಳೇದು, ನೇರ ರೋಡಿಗೆ ಏನೂ ತೊಂದರೆ ಇಲ್ಲ. ಆದ್ರೆ ನೀವು ಹೇಳಿದ ಹಾಗೆ ಏರಲ್ಲಿ ಇಂಚಿಂಚೇ ರಿವರ್ಸ್ ಹತ್ತೋ ಕೆಲಸಕ್ಕೆ ಅದರ ಕ್ಲಚ್ ಉಜ್ಜಿಕೊಳ್ಳುತ್ತೆ, ಎಳೆತಾನೂ ಒಂದು ಗಳಿಗೆ ತಡ. ಡಿಸಿಟಿ ಅಂತ ಇನ್ನೊಂದು, ಎರಡು ಕ್ಲಚ್ಚಿನದು, ಓಡುವಾಗ ಬಹಳ ಚೆನ್ನಾಗಿರುತ್ತೆ. ಅದರಲ್ಲಿ ಡ್ರೈ ಕ್ಲಚ್ ಇರೋದು ನಿಧಾನ ಏರಲ್ಲಿ ಬಿಸಿ ಆಗುತ್ತೆ, ಸಾನೆಟ್ ವೆನ್ಯೂ 1 ಲೀಟರ್ ಟರ್ಬೊದಲ್ಲಿ ಬರೋದು ಡ್ರೈ ಕ್ಲಚ್. ಮೂರನೇದು ಟಾರ್ಕ್ ಕನ್ವರ್ಟರ್. ಇದರಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರೋದು ಎಣ್ಣೆ, ಗಾಡಿ ಎತ್ತುವಾಗ ಉಜ್ಜಿ ಸವೆಯೋಕೆ ಅಲ್ಲಿ ಕ್ಲಚ್ ಇಲ್ಲ. ಬ್ರೇಕ್ ಬಿಟ್ರೆ ತಾನೇ ಮೆಲ್ಲಗೆ ಎಳೆಯುತ್ತೆ, ರಿವರ್ಸಲ್ಲೂ ಹಾಗೇ. ನಿಮ್ಮ ತಿರುವಿಗೆ ಇದೇ.

ಲಿಸ್ಟಲ್ಲಿ ಪೆಟ್ರೋಲ್ ಮತ್ತು ಟಾರ್ಕ್ ಕನ್ವರ್ಟರ್ ಎರಡೂ ಇರೋದು ಬ್ರೆಝಾ, 3ಎಕ್ಸ್‌ಒ, ಕೈಲಾಕ್, ಮೂರೂ 6 ಗೇರಿನವು. ನೆಕ್ಸಾನ್ ಪೆಟ್ರೋಲಲ್ಲಿ ಎಎಂಟಿ ಇಲ್ಲಾ ಡಿಸಿಟಿ, ಅದರ ಡಿಸಿಟಿ ವೆಟ್ ಕ್ಲಚ್, ಡ್ರೈಗಿಂತ ಉತ್ತಮ.

ಇಳಿಜಾರಿನ ವಿಷಯ. ಆಟೋಮ್ಯಾಟಿಕಲ್ಲಿ ಇಂಜಿನ್ ಬ್ರೇಕ್, ಅಂದ್ರೆ ಇಂಜಿನ್ನೇ ಗಾಡೀನ ಹಿಡಿದು ನಿಧಾನ ಮಾಡೋದು, ಇಲ್ಲ ಅಂತ ನಮ್ಮ ಕಡೆ ಒಂದು ಮಾತಿದೆ, ಅದು ತಪ್ಪು. ಗೇರನ್ನ ಮ್ಯಾನುಯಲ್ ಮೋಡಿಗೆ ಹಾಕಿ ಸೆಕೆಂಡಲ್ಲೋ ಥರ್ಡಲ್ಲೋ ಇಟ್ಟು ಮಾಕುಟ್ಟ ಇಳಿದ್ರೆ ಬ್ರೇಕ್ ಬಿಸಿ ಆಗಲ್ಲ. ಡಿ ಹಾಕಿ ಕಾಲು ಬ್ರೇಕ್ ಮೇಲೇ ಇಟ್ಕೊಂಡು ಇಳಿಯೋರ ಗಾಡೀನೇ ಕೆಳಗೆ ಹೋಗುವಾಗ ಸುಟ್ಟ ವಾಸನೆ ಬರೋದು.

ಘಾಟಿ ಸಂಪಾಜೆ
ಇದು ನೂರಕ್ಕೆ ನೂರು ಸತ್ಯ. ಹೊರಗಿಂದ ಬರುವ ಟೂರಿಸ್ಟ್ ಗಾಡಿ ಸಂಪಾಜೆ ಇಳಿದು ಚಕ್ರದಿಂದ ಹೊಗೆ ಬಂತು ಅಂತ ನಿಲ್ಲಿಸಿ ನೀರು ಹಾಕುದು ನೋಡಿದ್ದೇನೆ. ಕಾದ ಡಿಸ್ಕಿಗೆ ನೀರು ಹಾಕ್ಲಿಕ್ಕೇ ಆಗ್ಬಾರ್ದು, ಸೊಟ್ಟ ಆಗ್ತದೆ.

ವೀಕೆಂಡ್ ಸೋಮವಾರಪೇಟೆ
ಎಲೆಕ್ಟ್ರಿಕ್ ಯಾಕೆ ಬೇಡ? ನಿಲ್ಲಿಸಿ ಎತ್ತೋಕೆ ಅದರಷ್ಟು ಸುಲಭ ಯಾವುದೂ ಇಲ್ಲ. ಘಾಟಿ ಇಳಿಯುವಾಗ ಬ್ಯಾಟರಿಗೆ ಸ್ವಲ್ಪ ಚಾರ್ಜ್ ವಾಪಸ್ ಬರುತ್ತೆ. ದಿನಾ ಮೂವತ್ತು ಕಿಲೋಮೀಟರ್ ಓಡಿಸೋರಿಗೆ ಅದೇ ಸರಿ.

ರೋಬಸ್ಟಾ ರೈಟರ್
ಮಳೆಗಾಲದಲ್ಲಿ ಇಲ್ಲಿ ಮರ ಬಿದ್ದು ಲೈನ್ ಹೋದ್ರೆ ಕರೆಂಟ್ ಯಾವಾಗ ಬರುತ್ತೆ ಅಂತ ಹೇಳೋರಿಲ್ಲ. ಮನೇಲಿ ಮೊಬೈಲ್ ಚಾರ್ಜ್ ಮಾಡೋದೇ ಕಷ್ಟ, ಕಾರಿಗೆ ಎಲ್ಲಿಂದ ತರೋದು. ಎರಡನೇ ಗಾಡಿ ಆಗಿದ್ರೆ ಸರಿ, ಆಸ್ಪತ್ರೆಗೆ ಹೋಗೋ ಗಾಡಿ ಅದೊಂದೇ ಅಂದ್ರೆ ನಾನು ಒಪ್ಪಲ್ಲ.

ಅಮ್ಮತ್ತಿ ಕಾಫಿ
ಹೌದು, ನಮ್ಮಲ್ಲಿ ಕರೆಂಟ್ ನಂಬೋ ಹಾಗಿಲ್ಲ. ಎಲೆಕ್ಟ್ರಿಕ್ ಈ ಸಲ ಬೇಡ.

ಸುಂಟಿಕೊಪ್ಪ ಕೆಎ 12
ಸೇಫ್ಟಿ ಬಗ್ಗೆ ಯಾರೂ ಮಾತಾಡಲಿಲ್ಲ. ನೆಕ್ಸಾನ್ 2018ರಲ್ಲೇ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಕ್ರ್ಯಾಶ್ ಟೆಸ್ಟಲ್ಲಿ 5 ಸ್ಟಾರ್ ತಗೊಂಡ ಮೊದಲ ಭಾರತದ ಗಾಡಿ. ಈಗ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ, ಅದರಲ್ಲಿ ನೆಕ್ಸಾನ್, 3ಎಕ್ಸ್‌ಒ, ಕೈಲಾಕ್ ಮೂರಕ್ಕೂ 5 ಸ್ಟಾರ್. ಮಕ್ಕಳಿರೋ ಮನೆ, ಸ್ಟಾರ್ ನೋಡದೇ ತಗೊಳ್ಳೋದು ಸರಿಯಲ್ಲ.

ಪೆಪ್ಪರ್ ಬಳ್ಳಿ
ಕೊಡಗಲ್ಲಿ ನಲವತ್ತು ಐವತ್ತರ ಮೇಲೆ ಓಡಿಸೋಕೆ ಜಾಗ ಎಲ್ಲಿದೆ ಅಣ್ಣ, ಅದಕ್ಕೆ ಐದು ಸ್ಟಾರ್ ಯಾಕೆ?

ಸುಂಟಿಕೊಪ್ಪ ಕೆಎ 12
ಹಾಗೆ ಹೇಳಬೇಡಿ. ಆ ಟೆಸ್ಟಲ್ಲಿ ಎದುರಿಂದ ಗುದ್ದಿಸೋದೇ ಗಂಟೆಗೆ 64 ಕಿಲೋಮೀಟರಲ್ಲಿ, ಪಕ್ಕದಿಂದ 50ರಲ್ಲಿ, ಕಂಬಕ್ಕೆ 29ರಲ್ಲಿ. ಅಂದ್ರೆ ನಮ್ಮ ಸ್ಪೀಡಿಗೇ ಮಾಡಿರೋ ಟೆಸ್ಟ್ ಅದು. ಹುಣಸೂರು ರೋಡಲ್ಲಿ ಎದುರು ಬರೋ ಲಾರಿ ನಮ್ಮ ಸ್ಪೀಡ್ ಕೇಳಿ ಬರಲ್ಲ. ಸಣ್ಣ ಮಗು ಇದ್ರೆ ಐಸೊಫಿಕ್ಸ್ ಕೊಂಡಿಗೆ ಚೈಲ್ಡ್ ಸೀಟ್ ಹಾಕಿ, ತೊಡೆ ಮೇಲೆ ಕೂರಿಸ್ಕೊಂಡು ಹೋಗೋ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ, ಅದು ನೋಡಿದ್ರೆ ನನಗೆ ಸಂಕಟ ಆಗುತ್ತೆ.

ಪೆಪ್ಪರ್ ಬಳ್ಳಿ
29ಕ್ಕೆ ಟೆಸ್ಟ್ ಮಾಡ್ತಾರೆ ಅಂತ ಗೊತ್ತಿರಲಿಲ್ಲ. ಸರಿ. ಆದ್ರೂ ಸರ್ವೀಸ್ ನೋಡಿ. ದೇಶದಲ್ಲೇ ಜಾಸ್ತಿ ಸರ್ವೀಸ್ ಜಾಗ ಇರೋದು ಮಾರುತಿಗೆ. ಸಣ್ಣ ಸೆನ್ಸರ್ ಹೋದ್ರೂ ಗಾಡೀನ ಮೈಸೂರಿಗೆ ಟೋ ಮಾಡಿಸೋ ಪರಿಸ್ಥಿತಿ ಬಂದ್ರೆ ಸ್ಟಾರ್ ಇಟ್ಕೊಂಡು ಏನು ಮಾಡೋದು. ನನ್ನ ಹಿಂದಿನ ಗಾಡಿ, ಕಂಪನಿ ಹೆಸರು ಬೇಡ, ಒಂದು ಪಾರ್ಟಿಗೋಸ್ಕರ ವಾರಗಟ್ಟಲೆ ಮೈಸೂರಲ್ಲಿ ನಿಂತಿತ್ತು, ಕಾಫಿ ಕೊಯ್ಲಿನ ಟೈಮಲ್ಲಿ.

ಗೋಣಿಕೊಪ್ಪ ಗ್ಯಾರೇಜ್
ಇಬ್ಬರೂ ಹೇಳೋದ್ರಲ್ಲಿ ಅರ್ಥ ಇದೆ. ಬುಕ್ ಮಾಡೋಕೆ ಮುಂಚೆ ಒಂದು ಕೆಲಸ ಮಾಡಿ, ಶೋರೂಮಲ್ಲಿ ಕೇಳಬೇಡಿ, ವರ್ಕ್‌ಶಾಪಿಗೇ ಹೋಗಿ. ಒಳಗೆ ಎಷ್ಟು ಗಾಡಿ ನಿಂತಿದೆ, ಯಾಕೆ ನಿಂತಿದೆ, ಪಾರ್ಟ್ ಎಲ್ಲಿಂದ ಬರುತ್ತೆ ಅಂತ ಅಲ್ಲಿ ಕಾಯ್ತಾ ಕೂತಿರೋ ಓನರ್ ಹತ್ರನೇ ಕೇಳಿ.

ಮಂಜಿನೂರು ಮಡಿಕೇರಿ
ಲೈಟ್ ವಿಷಯ ಮರೀಬೇಡಿ. ಮಂಜಲ್ಲಿ ಬಿಳಿ ಎಲ್‌ಇಡಿ ಹೈ ಬೀಮ್ ಹಾಕಿದ್ರೆ ಬೆಳಕೆಲ್ಲ ನಮ್ಮ ಕಣ್ಣಿಗೇ ವಾಪಸ್ ಬರುತ್ತೆ. ಲೋ ಬೀಮಲ್ಲೇ ಹೋಗಬೇಕು, ಕೆಳಗೆ ಫಾಗ್ ಲ್ಯಾಂಪ್ ಇರೋ ವೇರಿಯಂಟ್ ತಗೊಳ್ಳಿ, ಹಿಂದಿನ ಗಾಜಿಗೆ ವೈಪರ್ ಮತ್ತೆ ಮಬ್ಬು ತೆಗೆಯೋ ಡಿಫಾಗರ್ ಇರಲೇಬೇಕು. ಸನ್‌ರೂಫಿಗೆ ಕೊಡೋ ದುಡ್ಡು ಇದಕ್ಕೆ ಕೊಡಿ.

ರೋಬಸ್ಟಾ ರೈಟರ್
ಸಿದ್ದಾಪುರ ಅಮ್ಮತ್ತಿ ಅಂದ್ರೆ ಆನೆ. ರಾತ್ರಿ ತೋಟದ ದಾರೀಲಿ ಆನೆ ಎದುರಾದ್ರೆ ರಿವರ್ಸ್ ಬರೋದೊಂದೇ ದಾರಿ, ಅದಕ್ಕೆ ರಿವರ್ಸ್ ಕ್ಯಾಮೆರಾ ರಾತ್ರಿ ಎಷ್ಟು ಕಾಣುತ್ತೆ ಅಂತ ಕತ್ತಲಾದ ಮೇಲೆ ನೋಡಿ. ಹಾರ್ನ್ ಹೊಡೀಬಾರದು, ಲೈಟ್ ಡಿಮ್ ಮಾಡಿ ದೂರದಲ್ಲೇ ನಿಲ್ಲಬೇಕು.

ತೆರಿಗೆ ಲೆಕ್ಕ ಕುಶಾಲನಗರ
ಇನ್ಶೂರೆನ್ಸ್ ಒಂದು ಮಾತು. ಫುಲ್ ಇನ್ಶೂರೆನ್ಸ್ ಇದ್ರೆ ಪ್ರವಾಹ, ಗುಡ್ಡ ಕುಸಿತ ಎರಡೂ ಕವರ್ ಆಗುತ್ತೆ. ಆದ್ರೆ ನೀರಲ್ಲಿ ಮುಳುಗಿದ ಗಾಡೀನ ಸ್ಟಾರ್ಟ್ ಮಾಡೋಕೆ ಹೋಗಿ ಇಂಜಿನ್ ಒಳಗೆ ನೀರು ಎಳ್ಕೊಂಡು ಹಾಳಾದ್ರೆ ಮಾಮೂಲಿ ಪಾಲಿಸಿ ಕೊಡಲ್ಲ, ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ಆಡ್ ಆನ್ ಬೇಕು. 2018ರ ಆಗಸ್ಟ್ ಪ್ರವಾಹ ಆದ ಮೇಲೂ ನಮ್ಮ ಜನ ಇದನ್ನ ಹಾಕಿಸ್ಕೊಳ್ಳಲ್ಲ. ಕಾವೇರಿ ದಡದ ಊರಿನವರು, ಕರಡಿಗೋಡು ಗುಹ್ಯ ಕುಶಾಲನಗರ ಕಡೆಯವರು, ದಯವಿಟ್ಟು ಹಾಕಿಸಿ. ನೀರು ನುಗ್ಗಿದ್ರೆ ಕೀ ತಿರುಗಿಸಲೇಬೇಡಿ, ಟೋ ಮಾಡಿಸಿ.

ಪೆಪ್ಪರ್ ಬಳ್ಳಿ
ಇಲಿ ವಯರ್ ಕಡಿದ್ರೆ ಕೊಡ್ತಾರಾ ಸರ್? ಕಣದ ಪಕ್ಕ ನಿಲ್ಲಿಸಿದ್ರೆ ಬಾನೆಟ್ ಒಳಗೆ ಗೂಡೇ ಕಟ್ಟುತ್ತೆ.

ತೆರಿಗೆ ಲೆಕ್ಕ ಕುಶಾಲನಗರ
ಕಂಪನಿ ಮೇಲೆ ಹೋಗುತ್ತೆ, ಕೆಲವು ಪಾಲಿಸೀಲಿ ಇದೆ ಕೆಲವರಲ್ಲಿ ಇಲ್ಲ. ಬರಹದಲ್ಲಿ ಕೇಳಿ ತಗೊಳ್ಳಿ.

ಗೋಣಿಕೊಪ್ಪ ಗ್ಯಾರೇಜ್
ಇಲಿಗೆ ಹೊಗೆಸೊಪ್ಪಿನ ಕಟ್ಟು ಇಡ್ತಾರೆ, ಸ್ವಲ್ಪ ದಿನ ಕೆಲಸ ಮಾಡುತ್ತೆ. ರಾತ್ರಿ ಬಾನೆಟ್ ತೆರೆದಿಟ್ಟು ಲೈಟ್ ಹಾಕಿದ್ರೆ ಒಳಗೆ ಬರೋದು ಕಮ್ಮಿ. ಭತ್ತ, ಕೋಳಿ ಆಹಾರ ಇಡೋ ಶೆಡ್ಡಲ್ಲಿ ಮಾತ್ರ ಗಾಡಿ ನಿಲ್ಲಿಸಬೇಡಿ.

ಅಮ್ಮತ್ತಿ ಕಾಫಿ
ಎಲ್ಲ ಓದಿ ಮೂರು ಗಾಡಿ ಉಳಿಸ್ಕೊಂಡ್ವಿ, ಬ್ರೆಝಾ, 3ಎಕ್ಸ್‌ಒ, ಕೈಲಾಕ್, ಮೂರೂ ಟಾರ್ಕ್ ಕನ್ವರ್ಟರ್. ತೋಟಕ್ಕೇ ತರಬೇಕು ಅಂದಾಗ ಒಂದು ಶೋರೂಮಿನವರು ಮೊದಲು ಒಪ್ಪಲಿಲ್ಲ, ಬುಕ್ ಮಾಡೋದು ಆಮೇಲೆ ಅಂತ ಹೇಳಿದ ಮೇಲೆ ತಂದ್ರು. ಐದು ಜನಾನೂ ಕೂತು ಏರಿಗೆ ಹೋದ್ವಿ, ತಿರುವಲ್ಲಿ ಬೇಕಂತಲೇ ನಿಲ್ಲಿಸಿ ಅವಳ ಕೈಲೇ ಎತ್ತಿಸಿದ್ವಿ, ರಿವರ್ಸೂ ಹತ್ತಿಸಿದ್ವಿ. ಮೂರೂ ಹತ್ತಿದ್ವು, ಉಸಿರು ಕಟ್ಟಲಿಲ್ಲ. ಒಂದರ ಹೊಟ್ಟೆ ದಿಣ್ಣೆಗೆ ತಾಗಿತು, ಅದನ್ನ ಬಿಟ್ವಿ.

ಬ್ರೆಝಾದಲ್ಲಿ ಹೊರಗೆ ಕಾಣೋದು ಅವಳಿಗೆ ಬಹಳ ಇಷ್ಟ ಆಯ್ತು, ನಾಲ್ಕು ಸಿಲಿಂಡರ್ ಇಂಜಿನ್ ಸದ್ದೂ ಕಮ್ಮಿ, ಮೆತ್ತಗೆ. 3ಎಕ್ಸ್‌ಒ ಏರಲ್ಲಿ ಆಕ್ಸಿಲೇಟರ್ ಮುಟ್ಟಿದ್ರೆ ಸಾಕು ಎಳೆಯುತ್ತೆ, 200 ಎನ್‌ಎಂ ಅಂತೆ. ಹಿಂದೆ ಅಮ್ಮ ಕಾಲು ನೀಡಿ ಕೂತ್ರು, ಇಳಿಯುವಾಗ ಯಾರ ಕೈನೂ ಹಿಡೀಲಿಲ್ಲ. ಆರು ಏರ್‌ಬ್ಯಾಗು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೆಳಗಿನ ವೇರಿಯಂಟಲ್ಲೇ ಇದೆ. ಬಜೆಟ್ಟಿಗೂ ಬರ್ತಿದೆ. ಅವಳು ಅದೇ ಅಂದಳು. ವರ್ಕ್‌ಶಾಪಿಗೂ ಹೋಗಿ ಕೂತು ಮಾತಾಡಿಸಿ ಬಂದ್ವಿ. ಬುಕ್ ಮಾಡಿದ್ವಿ.

ಘಾಟಿ ಸಂಪಾಜೆ
ಅಭಿನಂದನೆ. ಆದ್ರೆ ಪೆಟ್ರೋಲ್ ಟರ್ಬೊ ಆಟೋಮ್ಯಾಟಿಕ್, ಘಾಟಿ ರಸ್ತೆ, ಅದರ ಮೇಲೆ ಈಗ ಬರುವ 20% ಎಥನಾಲ್ ಸೇರಿದ ಇ20 ಪೆಟ್ರೋಲ್. ಮೈಲೇಜ್ ಎರಡಂಕಿ ಬಂದ್ರೆ ಸಾಕು ಅಂತ ಮನಸ್ಸು ಗಟ್ಟಿ ಮಾಡಿ.

ಪೆಪ್ಪರ್ ಬಳ್ಳಿ
ಅದಕ್ಕೇ ಬ್ರೆಝಾ ಅಂದಿದ್ದು ನಾನು. ಐದು ವರ್ಷದ ಪೆಟ್ರೋಲ್ ಲೆಕ್ಕ ಹಾಕಿದ್ರಾ?

ನಾಪೋಕ್ಲು ಟೀಚರ್
ಐದು ವರ್ಷ ದಿನಾ ಆ ಏರಲ್ಲಿ ಓಡಿಸೋದು ಅವರು. ಅವರು ಆರಿಸಿದ್ದಾರೆ. ನನಗೆ ಬಹಳ ಖುಷಿ ಆಯ್ತು ಅಕ್ಕ.

ಗೋಣಿಕೊಪ್ಪ ಗ್ಯಾರೇಜ್
ಮೈಲೇಜ್ ಕಮ್ಮಿ ಆಗುತ್ತೆ, ಅದು ನಿಜ, ಆದ್ರೆ ನಿಮ್ಮ ಓಡಾಟಕ್ಕೆ ಅದು ತಡ್ಕೊಳ್ಳೋ ಖರ್ಚೇ. ಡೆಲಿವರಿ ದಿನ ಆತುರ ಪಡಬೇಡಿ, ಹಿಂದಿನ ದಿನವೇ ಹಗಲು ಬೆಳಕಲ್ಲಿ ಗಾಡಿ ನೋಡಿ. ಚಾಸಿ ನಂಬರ್ ಬಿಲ್ಲಿಗೆ ಹೊಂದುತ್ತಾ, ತಯಾರಾದ ತಿಂಗಳು ಯಾವುದು, ನಾಲ್ಕು ಟೈರೂ ಒಂದೇ ಕಾಲದ್ದಾ, ಸ್ಪೇರ್ ವೀಲು ಜಾಕು ಇದೆಯಾ, ಬಾಗಿಲ ಸಂದು ಬಣ್ಣ ಸರಿ ಇದೆಯಾ. ಮೊದಲ ಸಾವಿರ ಕಿಲೋಮೀಟರ್ ತುಂಬಾ ಎಳೀಬೇಡಿ, ಒಂದೇ ಸ್ಪೀಡಲ್ಲೂ ಓಡಿಸಬೇಡಿ. ಟೆಫ್ಲಾನ್ ಕೋಟಿಂಗ್ ಅಂತ ಶೋರೂಮಲ್ಲಿ ತಲೆಗೆ ಕಟ್ಟೋಕೆ ನೋಡ್ತಾರೆ, ಬೇಡ. ಅಂಡರ್‌ಬಾಡಿ ಕೋಟಿಂಗ್ ಮಾತ್ರ ಮಾಡಿಸಿ, ನಮ್ಮ ಕೆಸರಿಗೆ ಅದು ಬೇಕು.

ಅಮ್ಮತ್ತಿ ಕಾಫಿ
ಸ್ಪೇರ್ ವೀಲ್ ಉಳಿದ ನಾಲ್ಕರ ಸೈಜಿಂದೇ ಕೊಡ್ತಾರಾ ಅಣ್ಣ, ಇಲ್ಲ ಸಣ್ಣದಾ?

ಗೋಣಿಕೊಪ್ಪ ಗ್ಯಾರೇಜ್
ವೇರಿಯಂಟ್ ಮೇಲೆ ಹೋಗುತ್ತೆ, ಡಿಕ್ಕಿ ಮ್ಯಾಟ್ ಎತ್ತಿ ಸೈಜ್ ಓದಿ. ಸಣ್ಣದಿದ್ರೆ ಅದನ್ನ ಹಾಕ್ಕೊಂಡು 80ರ ಮೇಲೆ ಹೋಗಬಾರದು, ಪಂಕ್ಚರ್ ಅಂಗಡಿ ತನಕ ಅಷ್ಟೇ. ಮೈಸೂರಿಗೆ ಹೊರಡುವಾಗ ಸ್ಪೇರಲ್ಲೂ ಗಾಳಿ ಚೆಕ್ ಮಾಡಿಸಿ.